ಅಂಗಡಿ ಕೋಣೆ, ಹಂಚಿನ ಮನೆ, ಖಾಲಿ ಹಾಲ್: ಸಣ್ಣ ಗ್ಯಾಲರಿಗೆ ಯಾವುದು ಸರಿ?

ಮಂಗಳೂರಿನಲ್ಲೋ ಉಡುಪಿಯಲ್ಲೋ ಒಂದು ಸಣ್ಣ ಆರ್ಟ್ ಗ್ಯಾಲರಿ ತೆರೆಯಬೇಕು ಅಂತ ಹೊರಟವರಿಗೆ ಸಿಗುವುದು ಹೆಚ್ಚುಕಡಿಮೆ ಮೂರು ಬಗೆಯ ಜಾಗ. ಕಾಂಪ್ಲೆಕ್ಸಿನಲ್ಲಿ ಶಟರ್ ಇರುವ ಅಂಗಡಿ ಕೋಣೆ. ಪೇಟೆಯ ನಡುವೆ ಹೇಗೋ ಉಳಿದುಕೊಂಡಿರುವ ಹಂಚಿನ ಮನೆ. ಇಲ್ಲವೇ ಯಾವುದಾದರೂ ಕಟ್ಟಡದ ಮೇಲಿನ ಮಹಡಿಯಲ್ಲಿ ಖಾಲಿ ಬಿದ್ದಿರುವ ಹಾಲ್. ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ಪಾರ್ಕಿಂಗ್ ಉಂಟಾ ಅಂತ ಎಲ್ಲರೂ ಕೇಳುತ್ತಾರೆ. ಕೇಳಲೇಬೇಕು. ಆಮೇಲೆ ಟೇಪು ತೆಗೆದು ಗೋಡೆ ಅಳೆಯುತ್ತಾರೆ. ಎಷ್ಟು ಚಿತ್ರ ಹಿಡಿಯುತ್ತದೆ ಅನ್ನುವ ಲೆಕ್ಕ.

ನಾನಾದರೆ ಮೊದಲು ನೆಲ ಅಳೆಯುತ್ತೇನೆ. ಚಿತ್ರದ ಎದುರು ಒಬ್ಬರು ಎಲ್ಲಿ ನಿಲ್ಲುತ್ತಾರೆ, ಅವರ ಬೆನ್ನ ಹಿಂದೆ ಇನ್ನೊಬ್ಬರು ಎಲ್ಲಿ ದಾಟುತ್ತಾರೆ ಅನ್ನುವುದು ಗೊತ್ತಾದರೆ ಆ ಜಾಗಕ್ಕೆ ಎಷ್ಟು ಚಿತ್ರ ಸಾಕು ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ.

ಲೆಕ್ಕ ಕಷ್ಟದ್ದೇನಲ್ಲ. ಚಿತ್ರವನ್ನು ಮೂಲೆಯಿಂದ ಮೂಲೆಗೆ ಅಳೆಯಿರಿ. ಅದರ ಒಂದೂವರೆಯಿಂದ ಎರಡು ಪಟ್ಟು ದೂರದಲ್ಲಿ ನಿಂತರೆ ಇಡೀ ಚಿತ್ರ ಒಂದೇ ನೋಟಕ್ಕೆ ಸಿಗುತ್ತದೆ. 4 ಅಡಿಗೆ 3 ಅಡಿಯ ಕ್ಯಾನ್ವಾಸ್ ಆದರೆ ಮೂಲೆಯಿಂದ ಮೂಲೆಗೆ 5 ಅಡಿ. ನೋಡುವವರಿಗೆ ಕನಿಷ್ಠ ಏಳೂವರೆ ಅಡಿ ಬೇಕು, 10 ಅಡಿ ಇದ್ದರೆ ಆರಾಮ. ಅವರ ಹಿಂದಿನಿಂದ ಒಬ್ಬರು ಮೈ ತಾಗಿಸದೆ ದಾಟಲು 3 ಅಡಿ. ಗಾಲಿಕುರ್ಚಿ ಸಲೀಸಾಗಿ ಹೋಗಬೇಕಾದರೆ 4 ಅಡಿ, ಅದನ್ನು ತಿರುಗಿಸಲು 5 ಅಡಿ. ಅಂದರೆ ಮಧ್ಯಮ ಗಾತ್ರದ ಒಂದೇ ಒಂದು ಕ್ಯಾನ್ವಾಸ್ ತನ್ನ ಎದುರು ಹೆಚ್ಚುಕಡಿಮೆ 11 ಅಡಿ ನೆಲ ಕೇಳುತ್ತದೆ. ಎ4 ಗಾತ್ರದ ಪೆನ್ ಡ್ರಾಯಿಂಗಿನ ಕಥೆಯೇ ಬೇರೆ. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರ ರೇಖೆಗಳನ್ನು 10 ಅಡಿ ದೂರದಿಂದ ನೋಡಿ ಏನು ಪ್ರಯೋಜನ? ಗೆರೆ ಎಲ್ಲಿ ದಪ್ಪವಾಯಿತು, ಎಲ್ಲಿ ಸಣ್ಣಗಾಯಿತು ಅಂತ ಕಾಣಬೇಕಾದರೆ ಎರಡು ಅಡಿಯಷ್ಟು ಹತ್ತಿರಕ್ಕೆ ಹೋಗಬೇಕು.

ಇಷ್ಟೆಲ್ಲ ಯಾಕೆ ಅಂದರೆ, ಜನ ನಿಲ್ಲುವುದೇ ಕಡಿಮೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ನೋಡುಗರನ್ನು ಗಮನಿಸಿ 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಒಂದು ಕೃತಿಯ ಮುಂದೆ ಕಳೆದ ಸಮಯ ಸರಾಸರಿ 27 ಸೆಕೆಂಡ್. ಅರ್ಧಕ್ಕರ್ಧ ಸಲ 17 ಸೆಕೆಂಡೂ ಇರಲಿಲ್ಲ. ಪಕ್ಕದ ಚೀಟಿ ಓದಿದ್ದೂ ಅದರಲ್ಲೇ ಸೇರಿತ್ತು. ಅಷ್ಟು ಹೆಸರಾದ ಚಿತ್ರಗಳಿಗೇ ಈ ಗತಿ. ನಮ್ಮ ಗ್ಯಾಲರಿಯಲ್ಲಿ ನಿಂತವರ ಬೆನ್ನಿಗೆ ಯಾರದೋ ಬ್ಯಾಗ್ ತಾಗಿದರೆ ಆ 17 ಸೆಕೆಂಡೂ ಹೋಯಿತು.

ಶಟರ್ ಕೋಣೆ

ಹಂಪನಕಟ್ಟೆ, ಬಲ್ಮಠ, ಕೊಡಿಯಾಲ್‌ಬೈಲ್, ಆಚೆ ಉಡುಪಿಯ ಕುಂಜಿಬೆಟ್ಟು, ಎಲ್ಲಿ ಹೋದರೂ ಕಾಂಪ್ಲೆಕ್ಸ್ ಕೋಣೆಯ ಆಕಾರ ಹೆಚ್ಚುಕಡಿಮೆ ಒಂದೇ. 10ರಿಂದ 12 ಅಡಿ ಅಗಲ, 25ರಿಂದ 30 ಅಡಿ ಉದ್ದ. ಎದುರು ಶಟರ್, ಹಿಂದೆ ಗೋಡೆ ಅಥವಾ ಒಂದು ಟಾಯ್ಲೆಟ್. ದೊಡ್ಡ ಲಾಭ ಏನೆಂದರೆ ರಸ್ತೆಯಲ್ಲಿ ಹೋಗುವವರಿಗೆ ಕಾಣುತ್ತದೆ. ಬಸ್ಸಿಗೆ ಇನ್ನೂ ಹೊತ್ತುಂಟು ಅನ್ನುವವರು ಸುಮ್ನೆ ಒಳಗೆ ಬಂದು ಹೋಗುತ್ತಾರೆ. ಉಳಿದ ಎರಡು ಜಾಗಗಳಿಗೆ ಈ ಭಾಗ್ಯ ಇಲ್ಲ.

ತೊಂದರೆ ಇರುವುದು ಅಗಲದಲ್ಲಿ. 12 ಅಡಿ ಅಗಲದ ಕೋಣೆಯಲ್ಲಿ ಎರಡೂ ಗೋಡೆಗೆ 4 ಅಡಿಯ ಕ್ಯಾನ್ವಾಸ್ ಹಾಕಿದರೆ, ಎಡಗೋಡೆ ನೋಡುವವರು ಬಲಗೋಡೆಯ ಚಿತ್ರಕ್ಕೆ ಬೆನ್ನು ಕೊಟ್ಟು ನಿಲ್ಲುತ್ತಾರೆ. ಅದನ್ನು ನೋಡಬೇಕಾದವರು ಕಾಯಬೇಕು ಅಥವಾ ಬಿಡಬೇಕು. ಹೆಚ್ಚಿನವರು ಬಿಡುತ್ತಾರೆ. ಹಾಗಾಗಿ ದೊಡ್ಡದನ್ನೆಲ್ಲ ಒಂದೇ ಗೋಡೆಗೆ ಹಾಕಿ. ಎದುರು ಗೋಡೆಗೆ ಹತ್ತಿರ ಬಂದು ನೋಡುವ ಚಿಕ್ಕ ಕೆಲಸಗಳು, ಅದೂ ಎಡೆ ಬಿಟ್ಟು. 10 ಅಡಿಯ ಕೋಣೆ ಆದರೆ ದೊಡ್ಡ ಕ್ಯಾನ್ವಾಸಿನ ಆಸೆಯನ್ನೇ ಬಿಡಿ. ಅದು ಪ್ರಿಂಟು, ಫೋಟೋ, ಜಲವರ್ಣಕ್ಕೆ ಹೇಳಿ ಮಾಡಿಸಿದ ಜಾಗ.

ಇನ್ನೊಂದು ಸಂಗತಿ ಈ ಕೋಣೆಯ ದಾರಿ. ಹೋದ ದಾರಿಯಲ್ಲೇ ವಾಪಸ್ ಬರಬೇಕು. ಹೋಗುವಾಗ ನೋಡಿ ಆಗಿದೆ, ಬರುವಾಗ ಕಣ್ಣು ರಸ್ತೆಯ ಮೇಲೆ. ಅಷ್ಟೂ ನಡಿಗೆ ದಂಡ. ಇದಕ್ಕೆ ಒಂದು ಸುಲಭದ ಉಪಾಯ ಉಂಟು. ಚಿಕ್ಕ ಕೆಲಸಗಳ ಗೋಡೆಯಿಂದ ಎರಡೂವರೆ ಅಡಿ ಹೊರಚಾಚುವ ಪ್ಲೈವುಡ್ ಅಡ್ಡಗೋಡೆಗಳನ್ನು ಎರಡೋ ಮೂರೋ ಕಡೆ ನಿಲ್ಲಿಸಿ. ಅದರ ಮುಂಬದಿ ಒಳಗೆ ಹೋಗುವವರಿಗೆ ಕಾಣುತ್ತದೆ. ಹಿಂಬದಿಗೆ ಹಾಕಿದ ಚಿತ್ರ ವಾಪಸ್ ಬರುವಾಗ ಮಾತ್ರ ಕಾಣುತ್ತದೆ. "ಓ, ಇಲ್ಲೊಂದು ಇತ್ತಾ" ಅಂತ ಜನ ನಿಲ್ಲುತ್ತಾರೆ. ಆದರೆ ದೊಡ್ಡ ಕ್ಯಾನ್ವಾಸಿನ ನೇರ ಎದುರಿಗೆ ಮಾತ್ರ ಈ ಅಡ್ಡಗೋಡೆ ಬರಬಾರದು. ಹಿಂದೆ ಸರಿಯಲು ಇರುವ ಜಾಗವನ್ನೇ ಅದು ತಿಂದುಬಿಡುತ್ತದೆ.

ಜಾಗ ಇನ್ನೂ ಸಾಲದು ಅನ್ನುವವರು ಲಂಡನ್ನಿನ ಜಾನ್ ಸೋನ್ ಎಂಬ ವಾಸ್ತುಶಿಲ್ಪಿ ಏನು ಮಾಡಿದ ನೋಡಬೇಕು. ಈಗ ಮ್ಯೂಸಿಯಂ ಆಗಿರುವ ಆತನ ಮನೆಯ ಚಿತ್ರಕೋಣೆ ಸುಮಾರು 14 ಅಡಿಗೆ 12 ಅಡಿ. 1824ರಲ್ಲಿ ಕಟ್ಟಿದ್ದು. ಅದರಲ್ಲಿ ನೂರಕ್ಕೂ ಹೆಚ್ಚು ಚಿತ್ರಗಳಿವೆ. ಹೇಗೆ? ಗೋಡೆಗಳೇ ಬಾಗಿಲಿನಂತೆ ತೆರೆದುಕೊಳ್ಳುವ ಹಲಗೆಗಳು. ಒಂದು ಪದರ ತೆರೆದರೆ ಒಳಗೆ ಇನ್ನೊಂದು ಪದರ. ಅಲ್ಲಿ ಒಬ್ಬ ಸಿಬ್ಬಂದಿ ನಿಂತು ಹಲಗೆ ತೆರೆದು ತೋರಿಸುತ್ತಾರೆ. ನಮ್ಮ ಅಂಗಡಿ ಕೋಣೆಯ ಹಿಂಗೋಡೆಗೆ ಇಂತಹ ಎರಡು ಹಲಗೆ ಹಾಕಿಸಲು ಒಳ್ಳೆಯ ಬಡಗಿ ಇದ್ದರೆ ಸಾಕು. ಆದರೆ ತೆರೆದು ತೋರಿಸಲು ಒಬ್ಬರು ಇರಲೇಬೇಕು, ಇಲ್ಲದಿದ್ದರೆ ಮಕ್ಕಳು ಅದನ್ನು ಉಯ್ಯಾಲೆ ಮಾಡುತ್ತಾರೆ.

ಶಟರ್ ತೆಗೆದು ಗಾಜು ಹಾಕುವವರಿಗೆ ಒಂದು ಮಾತು. ಗಾಜಿನ ಬಾಗಿಲಿಗೆ ನೇರ ಎದುರಿನ ಹಿಂಗೋಡೆಗೆ ಫ್ರೇಮಿನಲ್ಲಿ ಗಾಜಿರುವ ಚಿತ್ರ ಹಾಕಬೇಡಿ. ಬಣ್ಣದ ಮೇಲೆ ರಸ್ತೆ ಮೂಡುತ್ತದೆ. ಜಲವರ್ಣದ ತೆಂಗಿನ ತೋಟದ ನಡುವೆ ಹಳದಿ ಆಟೋ ಒಂದು ಎಡದಿಂದ ಬಲಕ್ಕೆ ಹಾದುಹೋಗುತ್ತದೆ, ಅದರ ಹಿಂದೆ ಸಿಟಿ ಬಸ್ಸು. ಆ ಜಾಗಕ್ಕೆ ಗಾಜಿಲ್ಲದ ಕ್ಯಾನ್ವಾಸ್, ಅದೂ ದೂರದಿಂದ ಎದ್ದು ಕಾಣುವಂತಹದ್ದು, ಸರಿ. ರಸ್ತೆಯಲ್ಲಿ ಹೋಗುವವರನ್ನು ಒಳಗೆ ಎಳೆಯುವುದು ಅದೇ.

ಹಂಚಿನ ಮನೆ

ಮನಸ್ಸಿಗೆ ಹತ್ತಿರದ್ದು ಇದು. ಮುರಕಲ್ಲಿನ ದಪ್ಪ ಗೋಡೆ, ಮೇಲೆ ಮಂಗಳೂರು ಹಂಚು, ಎದುರು ಜಗಲಿ. ಬಲ್ಲಾಳ್‌ಬಾಗಿನಲ್ಲಿ ಹಳೆಯ ಗುತ್ತಿನ ಮನೆಯೊಂದು (ತುಳುನಾಡಿನ ದೊಡ್ಡ ಮನೆತನದ ಮನೆ) ಕೊಡಿಯಾಲ್‌ಗುತ್ತು ಕಲಾ ಕೇಂದ್ರವಾಗಿ ಬದಲಾಗಿದೆ, ಪರಂಪರೆಯ ಕಟ್ಟಡಗಳನ್ನು ಉಳಿಸುವ ಇಂಟ್ಯಾಕ್ ಸಂಸ್ಥೆಯ ಮಂಗಳೂರು ಶಾಖೆಯವರ ಕೆಲಸ. ಹಂಚಿನ ಮನೆಯನ್ನು ಗ್ಯಾಲರಿ ಮಾಡಬೇಕು ಅಂತ ಇರುವವರು ಮೊದಲು ಅಲ್ಲಿ ಹೋಗಿ ಅರ್ಧ ಗಂಟೆ ಸುತ್ತಾಡಿ ಬನ್ನಿ. ಚಿತ್ರ ನೋಡುವುದರ ಜೊತೆಗೆ, ಬಂದವರು ಎಲ್ಲಿ ನಿಲ್ಲುತ್ತಾರೆ ಅಂತಲೂ ನೋಡಿ.

ಇಂತಹ ಮನೆಯಲ್ಲಿ ನಡಿಗೆ ತಾನಾಗಿಯೇ ತುಂಡುತುಂಡಾಗುತ್ತದೆ. ಜಗಲಿ, ಚಾವಡಿ, ಒಳಕೋಣೆ, ನಡುವೆ ಹೊಸ್ತಿಲು. ಪ್ರತಿ ಹೊಸ್ತಿಲಲ್ಲಿ ಜನ ಒಂದು ಕ್ಷಣ ನಿಂತು ಕಾಲು ಎತ್ತಿ ಇಡುತ್ತಾರೆ. ಬಾಗಿಲು ತಗ್ಗು, ತಲೆಯೂ ತಗ್ಗುತ್ತದೆ. ತಲೆ ಎತ್ತಿದಾಗ ಎದುರಿಗೆ ಏನಿದೆಯೋ ಅದು ಕಣ್ಣಿಗೆ ನಾಟುತ್ತದೆ. ಗ್ಯಾಲರಿ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಬೇರೆ ಬೇಕಾ? ಆ ಒಂದು ಗೋಡೆಗೆ ಒಂದೇ ಚಿತ್ರ ಹಾಕಿ, ಆಚೀಚೆ ಏನೂ ಬೇಡ. ಉಡುಪಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೃಷ್ಣ ಮಠದಲ್ಲಿ ದೇವರನ್ನು ನೋಡುವುದು ಒಂಬತ್ತು ಕಂಡಿಗಳ ಕಿಟಕಿಯಿಂದ. ನೋಟವನ್ನು ಕಿರಿದು ಮಾಡಿದಷ್ಟೂ ಕಣ್ಣು ಒಂದೇ ಕಡೆ ನೆಡುತ್ತದೆ.

ಹಳೆಯ ಮನೆಗಳಲ್ಲಿ ಬಾಗಿಲಿಗೆ ಬಾಗಿಲು ಸಾಲಾಗಿ ಇರುವುದೂ ಉಂಟು. ಜಗಲಿಯಲ್ಲಿ ನಿಂತರೆ ಹಿಂದಿನ ಅಂಗಳದ ಬೆಳಕು ಕಾಣುತ್ತದೆ. ಆ ಸಾಲಿನ ಕೊನೆಗೆ ಒಳ್ಳೆಯ ಚಿತ್ರವೋ ಶಿಲ್ಪವೋ ಇಟ್ಟರೆ ಜನ ಕೋಣೆಯಿಂದ ಕೋಣೆಗೆ ತಾವೇ ಹೋಗುತ್ತಾರೆ, ಬಾಣದ ಗುರುತಿನ ಬೋರ್ಡು ಬೇಕಾಗಿಲ್ಲ.

ಕಷ್ಟಗಳೂ ಕಡಿಮೆಯೇನಿಲ್ಲ. ಕೋಣೆ 10 ಅಡಿಗೆ 12 ಅಡಿ ಇದ್ದರೆ ಒಳಗೆ ಒಮ್ಮೆಗೆ ನಾಲ್ಕು ಜನ, ಐದನೆಯವರು ಬಾಗಿಲಲ್ಲಿ ನಿಲ್ಲುತ್ತಾರೆ. ಬಾಗಿಲು ಬಂದ್ ಆದ ಹಾಗೇ. ಒಳಕೋಣೆಗೆ ಒಂದೇ ಬಾಗಿಲಿದ್ದರೆ ಅದು ಕುರುಡು ಕೋಣೆ, ಹೆಚ್ಚಿನವರು ಬಾಗಿಲಿಂದಲೇ ಇಣುಕಿ ಹೋಗುತ್ತಾರೆ. ಅಂತಹ ಕಡೆ ಇಣುಕಿದರೂ ಪೂರ್ತಿ ಕಾಣುವ ಒಂದೇ ದೊಡ್ಡ ಕೆಲಸ ಇಡುವುದು ಒಳ್ಳೆಯದು. ಹೊಸ್ತಿಲು ವಯಸ್ಸಾದವರಿಗೆ ಅಡ್ಡಿ, ಗಾಲಿಕುರ್ಚಿಗಂತೂ ಗೋಡೆಯೇ. 6 ಇಂಚು ಎತ್ತರದ ಹೊಸ್ತಿಲಿಗೆ ಸರಿಯಾದ ರಾಂಪ್ ಅಂದರೆ 1 ಇಂಚು ಎತ್ತರಕ್ಕೆ 12 ಇಂಚು ಉದ್ದದ ಲೆಕ್ಕದಲ್ಲಿ 6 ಅಡಿ ಉದ್ದ. ಈ ಕಡೆ 6, ಆ ಕಡೆ 6. ಕೋಣೆಯಲ್ಲಿ ಉಳಿಯುವುದೇನು? ಹೊರಗಿನಿಂದ ಸುತ್ತಿ ಚಾವಡಿಗೆ ಬರುವ ಒಂದು ದಾರಿಯನ್ನಾದರೂ ಸಮತಟ್ಟು ಮಾಡಿ, ಮುಖ್ಯವಾದ ಕೆಲಸಗಳನ್ನು ಚಾವಡಿಯಲ್ಲೇ ಇಡಿ.

ಕಾವಿ ನೆಲದ ಬಗ್ಗೆ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಉಜ್ಜಿ ಉಜ್ಜಿ ಹೊಳಪು ಬಂದ ಕೆಂಪು ನೆಲ ನೋಡಲು ಬಹಳ ಚಂದ. ಮೇಲಿನಿಂದ ಲೈಟ್ ಬಿಟ್ಟರೆ ಆ ಕೆಂಪು ಗೋಡೆಯ ಕೆಳಭಾಗಕ್ಕೆ ಹೊಡೆಯುತ್ತದೆ. ಬಿಳಿ ಕಾಗದದ ಡ್ರಾಯಿಂಗಿನ ಕೆಳಗಿನ ಅರ್ಧ ನಸುಗುಲಾಬಿಯಾಗಿ ಕಾಣುತ್ತದೆ, ಮೇಲಿನ ಅರ್ಧ ಬಿಳಿ. ಕಲಾವಿದರು ಬಂದು ನೋಡಿ ಕೆಂಗಣ್ಣು ಬಿಟ್ಟರೆ ಆಶ್ಚರ್ಯವಿಲ್ಲ. ಗೋಡೆಯಡಿಗೆ ಎರಡು ಅಡಿ ಅಗಲದ ಬೂದು ಬಣ್ಣದ ಚಾಪೆ ಹಾಸಿದರೆ ಬಹಳಷ್ಟು ಕಡಿಮೆಯಾಗುತ್ತದೆ. ಅದರ ಇನ್ನೊಂದು ಲಾಭ: ಜನ ಆ ಚಾಪೆಯ ಅಂಚಿನಲ್ಲೇ ನಿಲ್ಲುತ್ತಾರೆ, ಚಿತ್ರಕ್ಕೆ ಕೈ ತಾಗುವುದಿಲ್ಲ. ಹಗ್ಗ ಕಟ್ಟುವುದಕ್ಕಿಂತ ಮರ್ಯಾದೆಯ ಉಪಾಯ.

ಮೇಲಿನ ಮಹಡಿಯ ಹಾಲ್

ನೋಡಲು ಏನೂ ಇಲ್ಲದ ಜಾಗ. ಟ್ಯೂಷನ್ ಸೆಂಟರೋ ಬಟ್ಟೆಯ ಗೋಡೌನೋ ಆಗಿದ್ದದ್ದು. 20 ಅಡಿಗೆ 40 ಅಡಿ ಅಂತ ಇಟ್ಟುಕೊಳ್ಳೋಣ, 800 ಚದರ ಅಡಿ. ಮೂರರಲ್ಲಿ ನಡಿಗೆಯನ್ನು ನಾವೇ ರೂಪಿಸಬಹುದಾದ ಜಾಗ ಇದೊಂದೇ. ಖಾಲಿ ಬಿಟ್ಟರೆ ಮಾತ್ರ ಕೆಟ್ಟದು. ಬಾಗಿಲಲ್ಲಿ ನಿಂತರೆ ನಾಲ್ಕೂ ಗೋಡೆ ಕಾಣುತ್ತದೆ. "ಆಯ್ತು, ನೋಡಿ ಆಯ್ತು" ಅಂತ ಮನಸ್ಸು ಅಲ್ಲೇ ಹೇಳಿಬಿಡುತ್ತದೆ.

ನಡುವೆ ಒಂದು ಗೋಡೆ ಬೇಕು. ಗಾಲಿ ಪ್ಯಾನೆಲ್‌ಗಳಾ, ಪ್ಲೈವುಡ್ಡಿನ ಕಾಯಂ ಗೋಡೆಯಾ? ಗಾಲಿ ಪ್ಯಾನೆಲ್ ಅಗ್ಗ, ಬೇಕಾದ ಹಾಗೆ ಸರಿಸಬಹುದು. ಆದರೆ ಅದರ ಕೆಳಗೆ ಸಂದು ಇರುತ್ತದೆ. ಚಿತ್ರ ನೋಡುತ್ತಿರುವಾಗ ಅಡಿಯಲ್ಲಿ ಆಚೆ ಬದಿಯವರ ಚಪ್ಪಲಿಗಳು ಓಡಾಡುತ್ತಿರುತ್ತವೆ. ಯಾರಾದರೂ ಒರಗಿದರೆ ಅಲ್ಲಾಡುತ್ತದೆ ಬೇರೆ. ನನ್ನ ಮತ ಕಾಯಂ ಗೋಡೆಗೆ. 16 ಅಡಿ ಉದ್ದ, 2 ಅಡಿ ದಪ್ಪ, ಒಳಗೆ ಟೊಳ್ಳು, ಒಂದು ತುದಿಗೆ ಚಿಕ್ಕ ಬಾಗಿಲು. ಮಡಚುವ ಕುರ್ಚಿ, ಏಣಿ, ಕ್ಯಾನ್ವಾಸ್ ಬಂದ ಖಾಲಿ ಪೆಟ್ಟಿಗೆ ಎಲ್ಲ ಅದರ ಹೊಟ್ಟೆಗೆ. ಸಣ್ಣ ಗ್ಯಾಲರಿಗಳಲ್ಲಿ ಸ್ಟೋರ್ ರೂಮಿನ ನೆನಪಾಗುವುದು ಮೊದಲ ಪ್ರದರ್ಶನದ ಹಿಂದಿನ ರಾತ್ರಿ. ಈ ಗೋಡೆ ಇದ್ದರೆ ಆ ಗೋಳಿಲ್ಲ.

ಗೋಡೆಯನ್ನು ಸರಿಯಾಗಿ ನಡುವಿಗೆ ನಿಲ್ಲಿಸಬೇಡಿ. ನಡುವಿಗೆ ಇಟ್ಟರೆ ಎರಡೂ ಬದಿಗೆ 9 ಅಡಿ, ದೊಡ್ಡದಕ್ಕೂ ಸಾಲದು, ಚಿಕ್ಕದಕ್ಕೂ ಜಾಸ್ತಿ. ಸ್ವಲ್ಪ ಬದಿಗೆ ಸರಿಸಿ ಒಂದು ಕಡೆ 11, ಇನ್ನೊಂದು ಕಡೆ 7 ಮಾಡಿ. 11 ಅಡಿಯ ಕಡೆ ಹೊರಗೋಡೆಗೆ ಕ್ಯಾನ್ವಾಸ್‌ಗಳು. 7 ಅಡಿಯ ಕಡೆ ಹತ್ತಿರ ನಿಂತು ನೋಡುವ ಕೆಲಸಗಳು. ಬಾಗಿಲಿನಿಂದ 10 ಅಡಿ ಬಿಟ್ಟು ಗೋಡೆ ಶುರುವಾದರೆ ಹಿಂದೆ 14 ಅಡಿ ಉಳಿಯುತ್ತದೆ. ಅಲ್ಲೊಂದು ಬೆಂಚು. ಒಳಗೆ ಬಂದವರಿಗೆ ಹಿಂದೆ ಏನಿದೆ ಅಂತ ಕಾಣುವುದಿಲ್ಲ, ಹಾಗಾಗಿ ಹೋಗುತ್ತಾರೆ.

ಈಗ, ಸುತ್ತು ಯಾವ ಕಡೆಯಿಂದ? 1930ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಆರ್ಥರ್ ಮೆಲ್ಟನ್ ಮ್ಯೂಸಿಯಂ ನೋಡುಗರ ಹಿಂದೆ ಬಿದ್ದು ಅಭ್ಯಾಸ ಮಾಡಿದರು. ಒಳಗೆ ಬಂದವರಲ್ಲಿ ಹೆಚ್ಚಿನವರು ಬಲಕ್ಕೆ ತಿರುಗುತ್ತಿದ್ದರು. ಹೊರಹೋಗುವ ಬಾಗಿಲು ಕಂಡರೆ ಸಾಕು, ಉಳಿದ ಗೋಡೆ ಬಿಟ್ಟು ಅತ್ತ ಹೋಗುತ್ತಿದ್ದರು ಅನ್ನುವುದೂ ಅವರು ಕಂಡದ್ದೇ. ನಮ್ಮಲ್ಲಿ ಪ್ರದಕ್ಷಿಣೆಯ ರೂಢಿ ಉಂಟು, ನಡುವಿನದ್ದು ಬಲಗೈ ಬದಿಗೆ ಬರುವಂತೆ ಎಡದಿಂದ ಸುತ್ತುವುದು. ಗ್ಯಾಲರಿಯಲ್ಲಿ ಎಲ್ಲರೂ ಹಾಗೆ ಸುತ್ತುತ್ತಾರೆ ಅಂತ ನಾನು ಹೇಳುವುದಿಲ್ಲ. ಆದರೆ ಹಾಗೆ ಸುತ್ತಿಸುವುದಕ್ಕೆ ಒಂದು ಗಟ್ಟಿ ಕಾರಣ ಉಂಟು, ಅದಕ್ಕೂ ಭಕ್ತಿಗೂ ಸಂಬಂಧವಿಲ್ಲ.

ಎಡದಿಂದ ಸುತ್ತುವಾಗ ಹೊರಗೋಡೆಗೆ ಮುಖ ಮಾಡಿ ನಿಲ್ಲಿ. ಮುಂದಿನ ಚಿತ್ರ ನಿಮ್ಮ ಬಲಕ್ಕೆ ಇರುತ್ತದೆ. ಓದುವ ದಿಕ್ಕು, ಎಡದಿಂದ ಬಲಕ್ಕೆ. ಯಕ್ಷಗಾನದ ಪ್ರಸಂಗವೊಂದನ್ನು ಎಂಟು ಚಿತ್ರಗಳಲ್ಲಿ ಹೇಳಿದ್ದರೆ, ಒಂದು ಜಾಗದ ಹತ್ತು ವರ್ಷದ ಫೋಟೋ ಸರಣಿ ಇದ್ದರೆ, ಹೊರಗೋಡೆಯ ಮೇಲೆ ಅದು ಸರಿಯಾದ ಕ್ರಮದಲ್ಲಿ ಬರುತ್ತದೆ. ಅದೇ ನಡಿಗೆಯಲ್ಲಿ ನಡುಗೋಡೆಗೆ ಮುಖ ಮಾಡಿದರೆ ಮುಂದಿನದ್ದು ಎಡಕ್ಕೆ ಬರುತ್ತದೆ, ಕಥೆ ಉಲ್ಟಾ. ಅದಕ್ಕೇ ಸರಣಿಗಳು ಹೊರಗೋಡೆಗೆ, ಒಂಟಿ ಚಿತ್ರಗಳು ನಡುಗೋಡೆಗೆ. ಜನರನ್ನು ಎಡಕ್ಕೆ ತಿರುಗಿಸುವುದು ಸುಲಭ. ಬಾಗಿಲಿನಿಂದ ಕಾಣುವ ಎಡಗೋಡೆಯ ಮೊದಲ ಚಿತ್ರಕ್ಕೆ ಉಳಿದವಕ್ಕಿಂತ ಸ್ವಲ್ಪ ಜಾಸ್ತಿ ಬೆಳಕು ಬಿಡಿ, ರಿಜಿಸ್ಟರ್ ಪುಸ್ತಕದ ಮೇಜನ್ನು ಬಲಕ್ಕೆ ಇಡಿ.

ಒಂದೇ ದಾರಿಯಲ್ಲಿ ಎಲ್ಲರನ್ನೂ ನಡೆಸಬೇಕು ಅನ್ನುವ ಹಟ ಮಾತ್ರ ಬೇಡ. ನ್ಯೂಯಾರ್ಕಿನಲ್ಲಿ 1959ರಲ್ಲಿ ತೆರೆದ ಗುಗನ್‌ಹೈಮ್ ಮ್ಯೂಸಿಯಂ ಇಡೀ ಸುರುಳಿ ಸುತ್ತಿದ ಇಳಿಜಾರು. ನಡೆಯಲು ಸೊಗಸು. ಆದರೆ ಕಟ್ಟಡ ಮುಗಿಯುವ ಮೊದಲೇ ಕೆಲವು ಕಲಾವಿದರು ಪತ್ರ ಬರೆದು ತಕರಾರು ತೆಗೆದಿದ್ದರು, ಈ ಸುರುಳಿ ಚಿತ್ರ ನೋಡಲು ಹೊಂದುವುದಿಲ್ಲ ಅಂತ. ಬಾಗಿದ ಗೋಡೆ, ಓರೆಯಾದ ನೆಲ, ಹಿಂದೆ ಸರಿಯೋಣ ಅಂದರೆ ಕಟಾಂಜನ. ಅಂತಹ ಕಟ್ಟಡಕ್ಕೇ ಆ ಮಾತು ತಪ್ಪಲಿಲ್ಲ. ನಮ್ಮ 800 ಚದರ ಅಡಿಯಲ್ಲಿ ಬಾಣದ ಗುರುತು ಅಂಟಿಸಿ ಜನರನ್ನು ಸಾಲಾಗಿ ಓಡಿಸುವುದು ಯಾರಿಗೆ ಬೇಕು?

ಹಾಲ್‌ನ ದೊಡ್ಡ ದೌರ್ಬಲ್ಯ ಮೆಟ್ಟಿಲು. ಲಿಫ್ಟ್ ಇಲ್ಲದಿದ್ದರೆ ಎಷ್ಟೋ ಜನ ಬರುವುದಿಲ್ಲ, ಬರಲು ಆಗುವುದೂ ಇಲ್ಲ. ಲಿಫ್ಟ್ ಇದ್ದರೂ 5 ಅಡಿಯ ಕ್ಯಾನ್ವಾಸ್ ಅದರಲ್ಲಿ ಹಿಡಿಯುವುದು ಕಷ್ಟ. ಮೆಟ್ಟಿಲ ತಿರುವಿನಲ್ಲಿ ಅದು ಹಾಯುತ್ತದಾ ಅಂತ ಅಷ್ಟೇ ದೊಡ್ಡ ರಟ್ಟು ಹಿಡಿದು ಒಮ್ಮೆ ಹತ್ತಿ ನೋಡಿ.

ಬೆಳಕು, ಮಳೆ

ಇಲ್ಲಿ ಮೂರೂ ಜಾಗಗಳ ಪೈಪೋಟಿ ಜೋರು. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ, ಉಡುಪಿಯಲ್ಲಿ ಇನ್ನೂ ಜಾಸ್ತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿ ನೀರೇ ನೀರು. ಕಾಗದಕ್ಕೆ ಶೇಕಡಾ 50ರ ಆಸುಪಾಸಿನ ತೇವ ಹಿತ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ನಮ್ಮಲ್ಲಿ 90 ದಾಟುವುದು ಸಾಮಾನ್ಯ. ಕ್ಯಾನ್ವಾಸ್ ಜೋಲುತ್ತದೆ, ಫ್ರೇಮಿನ ಹಿಂದೆ ಬೂಷ್ಟು ಹಿಡಿಯುತ್ತದೆ.

ತೇವ ತಡೆಯುವುದರಲ್ಲಿ ಅಂಗಡಿ ಕೋಣೆಗೆ ಮೊದಲ ಸ್ಥಾನ. ಚಿಕ್ಕದು, ಮುಚ್ಚಿದ್ದು, ಮೇಲೆ ಕಾಂಕ್ರೀಟ್. ಗಾಳಿಯ ತೇವ ಹೀರುವ ಯಂತ್ರ, ಅಂದರೆ ಡಿಹ್ಯೂಮಿಡಿಫೈಯರ್, ಒಂದು ಸಾಕು. ಮೇಲಿನ ಮಹಡಿಯ ಹಾಲ್‌ಗೆ ಟೆರೇಸ್ ಸೋರುತ್ತದಾ ಅನ್ನುವುದೇ ಪ್ರಶ್ನೆ. ಹಂಚಿನ ಮನೆ ಹಿಂದೆ ಬೀಳುತ್ತದೆ, ಮಾಡಿನ ಸಂದಿನಿಂದ ಗಾಳಿ ಒಳಗೂ ಹೊರಗೂ ಹೋಗುತ್ತಿರುತ್ತದೆ. ಅಲ್ಲಿ ಎಸಿ ಹಾಕಿದರೆ ಊರಿಗೇ ಎಸಿ. ಮರದ ಮುಚ್ಚಿಗೆ ಇರುವ ಒಳಕೋಣೆ ಒಂದಿದ್ದರೆ ಕಾಗದದ ಕೆಲಸಗಳನ್ನು ಅಲ್ಲಿಗೆ ಸೇರಿಸಿ, ಉಳಿದ ಕಡೆ ಕ್ಯಾನ್ವಾಸ್, ಮರ, ಲೋಹ, ಮಣ್ಣಿನ ಕೆಲಸ. ಮುರಕಲ್ಲಿನ ಗೋಡೆಗೆ ನೇರ ಚಿತ್ರ ಹಾಕಬೇಡಿ. ಗೋಡೆಯಿಂದ ಒಂದು ಇಂಚು ಬಿಟ್ಟು ಪ್ಲೈವುಡ್ ಹಾಕಿಸಿ, ಮೇಲೆ ಕೆಳಗೆ ಗಾಳಿ ಆಡಲಿ. ಮೊಳೆ ಹೊಡೆಯಲೂ ಅನುಕೂಲ, ಮುರಕಲ್ಲಿಗೆ ಮೊಳೆ ಹೊಡೆದವರಿಗೆ ಗೊತ್ತು ಅದು ಎಷ್ಟು ಉದುರುತ್ತದೆ ಅಂತ. ಯಾವ ಜಾಗವಾದರೂ ಹಗಲು ಎಸಿ ಹಾಕಿ ರಾತ್ರಿ ಆರಿಸುವ ಅಭ್ಯಾಸ ಬೇಡ. ತೇವ ದಿನಾ ಏರಿ ಇಳಿಯುವುದು ಒಂದೇ ಮಟ್ಟದಲ್ಲಿ ಸ್ವಲ್ಪ ಜಾಸ್ತಿ ಇರುವುದಕ್ಕಿಂತ ಕೆಟ್ಟದು.

ಬೆಳಕಿನ ಲೆಕ್ಕ ಹೀಗೆ: ಕಾಗದ, ಬಟ್ಟೆ, ಜಲವರ್ಣಕ್ಕೆ 50 ಲಕ್ಸ್ (ಮೇಲೆ ಬೀಳುವ ಬೆಳಕಿನ ಅಳತೆ). ತೈಲವರ್ಣಕ್ಕೆ 200ರವರೆಗೆ. ಹೊರಗಿನ ಬಿಸಿಲು ಹತ್ತಾರು ಸಾವಿರ ಲಕ್ಸ್. ಹಂಚಿನ ಮನೆಯ ಮಾಡಿನಲ್ಲಿ ಒಂದೇ ಒಂದು ಗಾಜಿನ ಹಂಚು ಇದ್ದರೂ ಮಧ್ಯಾಹ್ನ ನೆಲದ ಮೇಲಿದ್ದ ಬಿಸಿಲಿನ ಚೌಕ ಸಂಜೆಗೆ ಗೋಡೆ ಹತ್ತುತ್ತದೆ. ಅದರ ದಾರಿಯಲ್ಲಿ ಜಲವರ್ಣ ಇದ್ದರೆ ಮುಗಿಯಿತು. ಆ ಹಂಚಿನ ಅಡಿಗೆ ಕಲ್ಲಿನ ಶಿಲ್ಪ ಇಡಿ, ಬಿಸಿಲು ತಿರುಗಿದ ಹಾಗೆ ಅದರ ನೆರಳೂ ತಿರುಗುವುದು ನೋಡಲು ಚೆನ್ನ. ಸೀಲಿಂಗಿನ ಪಟ್ಟಿಯಲ್ಲಿ ಸರಿಸಬಹುದಾದ ಟ್ರ್ಯಾಕ್ ಲೈಟ್ ಹಾಕುವಾಗ ನೇರ ಕೆಳಕ್ಕೆ ಇಳಿಯುವ ಗೆರೆಯಿಂದ 30 ಡಿಗ್ರಿ ಓರೆ ಇರಲಿ. ಓರೆ ಜಾಸ್ತಿಯಾದರೆ ನೋಡುವವರ ನೆರಳೇ ಚಿತ್ರದ ಮೇಲೆ ಬೀಳುತ್ತದೆ, ಕಡಿಮೆಯಾದರೆ ಫ್ರೇಮಿನ ನೆರಳು ಬೀಳುತ್ತದೆ. ಬಲ್ಬ್ ತರುವಾಗ, ಅದರ ಬೆಳಕಿನಲ್ಲಿ ಬಣ್ಣ ಎಷ್ಟು ಸಹಜವಾಗಿ ಕಾಣುತ್ತದೆ ಅಂತ ಹೇಳುವ ಸಿಆರ್‌ಐ 90ರ ಮೇಲಿದೆಯಾ ಅಂತ ಡಬ್ಬಿಯ ಮೇಲೆ ನೋಡಿ. ಚಿತ್ರದ ನಡುಮಟ್ಟ ನೆಲದಿಂದ 4 ಅಡಿ 9 ಇಂಚು, ನಮ್ಮ ಎತ್ತರಕ್ಕೆ ಇದು ಸರಿ.

ಕೊಡೆಗೆ ಒಂದು ಜಾಗ ಬಾಗಿಲ ಹೊರಗೇ ಇರಲಿ. ಹಂಚಿನ ಮನೆಗೆ ಜಗಲಿ ಇದೆ. ಉಳಿದವರು ಬಕೆಟ್ ಇಡಿ.

ಕೂರುವುದು, ಓದುವುದು

ಮಂಗಳೂರಿನವರಿಗೆ ಅಲೋಶಿಯಸ್ ಚಾಪೆಲ್ ಗೊತ್ತೇ ಇದೆ. ಇಟಲಿಯ ಚಿತ್ರಕಾರ ಅಂತೋನಿಯೊ ಮೊಸ್ಕೆನಿ ಹತ್ತೊಂಬತ್ತನೇ ಶತಮಾನದ ಕೊನೆಗೆ ಬಂದು ಗೋಡೆ, ಸೀಲಿಂಗ್ ಎಲ್ಲ ಚಿತ್ರ ತುಂಬಿಸಿದ್ದು. ಅಲ್ಲಿ ನಿಂತು ನೋಡುವವರು ಎರಡು ನಿಮಿಷಕ್ಕೆ ಕುತ್ತಿಗೆ ಉಜ್ಜಿಕೊಳ್ಳುತ್ತಾರೆ. ಬೆಂಚಿನಲ್ಲಿ ಕೂತವರು ಬಹಳ ಹೊತ್ತು ಇರುತ್ತಾರೆ. ಎಷ್ಟೇ ಚಿಕ್ಕ ಗ್ಯಾಲರಿಯಾದರೂ ಒಂದು ಬೆಂಚು ಇರಲಿ, ಬೆನ್ನು ಒರಗುವಂತಹದ್ದು ಬೇಡ, ಎರಡೂ ಕಡೆಗೆ ಮುಖ ಮಾಡಿ ಕೂರುವಂತಿರಲಿ. ಅಂಗಡಿ ಕೋಣೆಯಲ್ಲಿ ಅದಕ್ಕೂ ಜಾಗ ಇಲ್ಲದಿದ್ದರೆ ಅಡ್ಡಗೋಡೆಯ ಬುಡದಲ್ಲಿ ಒಂದು ಸ್ಟೂಲ್.

ಅಮೆರಿಕದ ಬೋಸ್ಟನ್ ಕಲಾ ಮ್ಯೂಸಿಯಂನ ಬೆಂಜಮಿನ್ ಗಿಲ್ಮನ್ 1916ರಲ್ಲೇ ಮ್ಯೂಸಿಯಂ ಆಯಾಸದ ಬಗ್ಗೆ ಬರೆದರು. ಚೀಟಿ ಓದಲು, ಕೆಳಗಿನ ವಸ್ತು ನೋಡಲು ಒಬ್ಬ ಮನುಷ್ಯ ಎಷ್ಟು ಬಗ್ಗಬೇಕು, ಕುಕ್ಕರಗಾಲಲ್ಲಿ ಕೂರಬೇಕು ಅಂತ ಫೋಟೋ ತೆಗೆಸಿ ತೋರಿಸಿದ್ದರು. ಇಷ್ಟು ವರ್ಷವಾದರೂ ನಾವು 10 ಪಾಯಿಂಟ್ ಅಕ್ಷರದ ಚೀಟಿ ಅಂಟಿಸುತ್ತೇವೆ ಮಾರಾಯ್ರೆ. ಸಣ್ಣ ಜಾಗದಲ್ಲಿ ಇದರ ತೊಂದರೆ ಎರಡು ಪಟ್ಟು. ಓದಲು ಬಗ್ಗಿದವರು ಚಿತ್ರವನ್ನೇ ಮರೆಮಾಡುತ್ತಾರೆ. ಅಕ್ಷರ 24 ಪಾಯಿಂಟ್ ಇರಲಿ, ಕನ್ನಡ ಮೇಲೆ, ಇಂಗ್ಲಿಷ್ ಕೆಳಗೆ, ನಾಲ್ಕೇ ಸಾಲು. ಉಳಿದ ಕಥೆ ಕೈಯಲ್ಲಿ ಹಿಡಿಯುವ ಒಂದು ಹಾಳೆಯಲ್ಲಿ.

ಉದ್ಘಾಟನೆಯ ದಿನವನ್ನೂ ಲೆಕ್ಕಕ್ಕೆ ಹಿಡಿಯಿರಿ. ದೀಪ, ಮೈಕ್, ಅಧ್ಯಕ್ಷರು, ಮುಖ್ಯ ಅತಿಥಿ, ಎದುರು ಐವತ್ತು ಕುರ್ಚಿ, ಆಮೇಲೆ ಚಹಾ, ಗೋಳಿಬಜೆ. ಎಣ್ಣೆಗೈಯಲ್ಲಿ ಜನ ಚಿತ್ರ ತೋರಿಸುತ್ತಾರೆ. ಇದಕ್ಕೆಲ್ಲ ಹಂಚಿನ ಮನೆಯೇ ರಾಜ: ಸಭೆ ಅಂಗಳದಲ್ಲಿ, ತಿಂಡಿ ಜಗಲಿಯಲ್ಲಿ, ಚಿತ್ರ ಒಳಗೆ. ಹಾಲ್‌ನಲ್ಲಿ ಹಿಂದಿನ 14 ಅಡಿ ಜಾಗ ಸಭೆಗೆ ಬಿಡಬಹುದು. ಅಂಗಡಿ ಕೋಣೆಯವರು ಭಾಷಣ ಬಿಟ್ಟುಬಿಡಿ, ಯಾರೂ ಬೇಜಾರು ಮಾಡುವುದಿಲ್ಲ.

ಹಾಗಾದರೆ ಯಾವುದು?

ನಿಮ್ಮ ಕೈಯಲ್ಲಿರುವ ಕೆಲಸ ಯಾವುದು ಅನ್ನುವುದನ್ನು ನೋಡಿ. ಪ್ರಿಂಟು, ಫೋಟೋ, ಚಿಕ್ಕ ಜಲವರ್ಣ ಮಾರುವ ಯೋಚನೆ ಇದ್ದರೆ ಅಂಗಡಿ ಕೋಣೆ. ಶಿಲ್ಪ, ಮಡಕೆ, ಒಬ್ಬರೇ ಕಲಾವಿದರ ಕೆಲವೇ ಕೆಲಸಗಳನ್ನು ನಿಧಾನವಾಗಿ ತೋರಿಸಬೇಕು, ಮಳೆಗಾಲದಲ್ಲಿ ಎರಡು ತಿಂಗಳು ಬಾಗಿಲು ಹಾಕಿದರೂ ನಡೆಯುತ್ತದೆ ಅನ್ನುವವರಿಗೆ ಹಂಚಿನ ಮನೆ. ತಿಂಗಳಿಗೊಂದು ಬೇರೆಬೇರೆ ಪ್ರದರ್ಶನ, ದೊಡ್ಡ ಕ್ಯಾನ್ವಾಸ್, ಶಾಲೆಯ ಮಕ್ಕಳ ಗುಂಪು ಎಲ್ಲ ಬರಬೇಕು ಅಂದರೆ ಹಾಲ್, ಲಿಫ್ಟ್ ಇದ್ದರೆ ಮಾತ್ರ. ಲಿಫ್ಟ್ ಇಲ್ಲದ ಹಾಲ್‌ಗಿಂತ ನೆಲಮಟ್ಟದ ಅಂಗಡಿ ಕೋಣೆಯೇ ವಾಸಿ, ಗೋಡೆ ಅರ್ಧಕ್ಕೆ ಇಳಿದರೂ ಚಿಂತೆಯಿಲ್ಲ.

ಅಗ್ರಿಮೆಂಟಿಗೆ ಸಹಿ ಹಾಕುವ ಮೊದಲು ಒಂದು ಸಂಜೆ ಸೀಮೆಸುಣ್ಣ, ಹಳೆ ಪೇಪರ್, ಟೇಪು ಹಿಡಿದು ನಾಲ್ಕು ಜನ ಸ್ನೇಹಿತರ ಜೊತೆ ಅಲ್ಲಿಗೆ ಹೋಗಿ. ಚಿತ್ರದ ಗಾತ್ರಕ್ಕೆ ಪೇಪರ್ ಜೋಡಿಸಿ ಗೋಡೆಗೆ ಅಂಟಿಸಿ. ಪ್ರತಿಯೊಂದರ ಎದುರು ನಿಲ್ಲುವ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಇಬ್ಬರು ಗುರುತಿನ ಮೇಲೆ ನಿಲ್ಲಲಿ, ಇಬ್ಬರು ಹಿಂದಿನಿಂದ ದಾಟಲಿ. ಎಲ್ಲಿ "ಸ್ವಲ್ಪ ಸರಿಯಿರಿ" ಅನ್ನಬೇಕಾಗುತ್ತದೋ ಅಲ್ಲಿಯ ಪೇಪರ್ ಕಿತ್ತು ತೆಗೆಯಿರಿ. ಉಳಿದವನ್ನು ಎಣಿಸಿ, ಬಾಡಿಗೆಯನ್ನು ಆ ಸಂಖ್ಯೆಯಿಂದ ಭಾಗಿಸಿ, ಮೂರೂ ಜಾಗಕ್ಕೆ ಹೀಗೇ ಮಾಡಿ ಹೋಲಿಸಿ. ಗೋಡೆಗೆ ಪ್ಲೈವುಡ್ ಹೊಡೆಯಲು ಓನರ್ ಒಪ್ಪುತ್ತಾರಾ ಅನ್ನುವುದನ್ನೂ ಆಗಲೇ ಕೇಳಿ, ಬರೆಸಿಕೊಳ್ಳಿ.